ತಟ್ಟೆ ತೊಳೆದಿಡುವ ದೆವ್ವ

ಉಮಾಮಹೇಶ್ವರಿ ಇದೇ ಶಾಲೆಯಲ್ಲಿ ಮೂರನೇ ಕ್ಲಾಸು ಓದುವಾಗ ಇಲ್ಲಿನ ದೆವ್ವ ಗಂಟೆ ಹೊಡೆಯುತ್ತಿತ್ತು. ಸತ್ತುಹೋದ ಜವಾನ ಸುಬ್ಬಪ್ಪ ಮಟಮಟ ಮಧ್ಯಾಹ್ನ ಸೈನ್ಸ್ ರೂಮಿನಲ್ಲಿ ಹಿಂದುಮುಂದಾದ ಪಾದ ಚಾಚಿಕೊಂಡು ಕೂತಿರುತ್ತಾನೆ, ಯಾರೂ ಇಲ್ಲದಾಗ ಎದ್ದು ಬಂದು ಗಂಟೆ ಬಾರಿಸುತ್ತಾನೆ ಎಂದು ಮಕ್ಕಳು ಒಬ್ಬರ ಕಿವಿಯಲ್ಲೊಬ್ಬರು ಹೇಳಿಕೊಂಡು ನಡುಗುತ್ತಿದ್ದರು. ಅವಳು ಬೆಳೆದು, ಟ್ರೈನಿಂಗ್ ಮುಗಿಸಿ, ಅದೇ ಶಾಲೆಗೆ ಟೀಚರಾಗಿ ಬಂದಾಗಲೂ ದೆವ್ವ ಅಲ್ಲೇ ಇತ್ತು. ಗಂಟೆ ಹೊಡೆಯುವುದನ್ನು ಮಾತ್ರ ಬಿಟ್ಟಿತ್ತು. ಈಗ ಅದು ಉಪ್ಪಿಟ್ಟು ತಿನ್ನುತ್ತಿತ್ತು.

ಅರವತ್ತಾರನೇ ಇಸವಿ. ದೆವ್ವಕ್ಕೂ ಹಸಿವಾಗುವಂಥ ಕಾಲವೇ. ಭದ್ರಾವತಿಯ ರೇಷನ್ ಅಂಗಡಿಗಳ ಮುಂದೆ ಬೆಳಗಾಗುವ ಮೊದಲೇ ಚೀಲಗಳ ಸಾಲು ನಿಲ್ಲುತ್ತಿತ್ತು. ಮನುಷ್ಯರು ನಿಂತು ನಿಂತು ಸೋತು, ಚೀಲದ ಮೇಲೊಂದು ಕಲ್ಲಿಟ್ಟು ಜಗಲಿಯಲ್ಲಿ ಒರಗಿರುತ್ತಿದ್ದರು. ಸಿಗುತ್ತಿದ್ದದ್ದು ಹಡಗಿನಲ್ಲಿ ಬಂದ ಕೆಂಪು ಜೋಳ. ಶಾಲೆಗೆ ಬರುತ್ತಿದ್ದ ಗೋಧಿ ನುಚ್ಚೂ ಎಣ್ಣೆ ಡಬ್ಬಿಯೂ ಅದೇ ಹಡಗಿನವು. ಕಾರ್ಖಾನೆಯ ಹನ್ನೆರಡರ ಕೂಗು ಕೇಳಿಸುವ ಹೊತ್ತಿಗೆ ಶಾಲೆಯ ಹಿಂದಿನ ತಗಡಿನ ಚಪ್ಪರದಲ್ಲಿ ಅಖ್ತರ್ ಬೀ ಉಪ್ಪಿಟ್ಟು ಇಳಿಸುತ್ತಿದ್ದಳು.

ಅಖ್ತರ್ ಬೀಯ ಗಂಡ ಪೀರ್ ಬಾಷಾ ಲಾರಿಯಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿ ವರ್ಷವಾಗಿತ್ತು. ಅವಳ ಸಂಬಳ ಔಷಧಿಗೆ ಸರಿಹೋಗುತ್ತಿತ್ತು. ಮನೆಯ ಹೊಟ್ಟೆಗೆ ಆಧಾರ ಹಂಡೆಯ ತಳ. ಪಾತ್ರೆಗೆ ಅಂಟಿ ಸೀದದ್ದು ಅಡಿಗೆಯವಳದ್ದು ಎಂದು ಶಾಲೆಯಲ್ಲಿ ಮೊದಲಿನಿಂದ ನಡೆದುಬಂದ ರೂಢಿ. ಅದನ್ನು ಕೆರೆದು ಸೆರಗಿನಲ್ಲಿ ಕಟ್ಟಿಕೊಂಡು ಹೋದರೆ ಗಂಡ, ಅತ್ತೆ, ಎರಡು ಮಕ್ಕಳು ರಾತ್ರಿ ಉಣ್ಣುತ್ತಿದ್ದರು.

"ತಳ ಹಿಡಿಸದೆ ಅಡಿಗೆ ಮಾಡಕ್ಕೇ ಬರಲ್ವೇನಮ್ಮಾ ನಿಂಗೆ?" ಎಂದು ಹೆಡ್‌ಮಾಸ್ಟರ್ ಓಂಕಾರಪ್ಪ ಆಗಾಗ ಗೊಣಗುತ್ತಿದ್ದರು.

"ಸೌದೆ ಸರಿಯಿಲ್ಲ ಸ್ವಾಮಿ, ಉರಿ ಹಿಡಿತಕ್ಕೇ ಸಿಗಲ್ಲ," ಎನ್ನುತ್ತಿದ್ದಳು ಅಖ್ತರ್ ಬೀ, ಇನ್ನೊಂದು ಕೊರಡು ಒಲೆಗೆ ದೂಡುತ್ತ.

ಪೇಟೆಯ ಅಂಗಡಿಯವರ ಮಕ್ಕಳು ಆ ಉಪ್ಪಿಟ್ಟು ತಿನ್ನುವ ಹಾಗಿರಲಿಲ್ಲ. ಸಾಬರ ಹೆಂಗಸಿನ ಕೈಯದು ಎಂದು ಮನೆಯಲ್ಲಿ ತಾಕೀತು. ಆದರೆ ಹಾಜರಿ ಇದ್ದಷ್ಟು ತಟ್ಟೆಗೆ ಬಡಿಸಲೇಬೇಕೆಂದು ಓಂಕಾರಪ್ಪನವರ ಕಟ್ಟಪ್ಪಣೆ. ಸರಕಾರಕ್ಕೆ ಲೆಕ್ಕ ಹೋಗಬೇಕಲ್ಲ. ಹಾಗಾಗಿ ಅವರೂ ತಟ್ಟೆ ಹಿಡಿದು ಸಾಲಿನಲ್ಲಿ ನಿಂತು, ಹಾಕಿಸಿಕೊಂಡು, ಹಿತ್ತಲ ಮೋರಿಗೆ ಸುರಿದು ಬರುತ್ತಿದ್ದರು. ಹಂಡೆಯಲ್ಲಿ ಉಳಿದದ್ದು ಗುಂಡಿಗೆ. ಗೇಟಿನ ಹೊರಗೆ ಕೂಲಿಯವರ ಮಕ್ಕಳು ಕಂಬಿ ಹಿಡಿದು ನಿಂತಿರುತ್ತಿದ್ದವು. ತಮಿಳು, ತೆಲುಗು, ಯಾವ ಭಾಷೆಯಲ್ಲಿ ಕೇಳಿದರೂ ಅವು ಕೇಳುತ್ತಿದ್ದದ್ದು ಒಂದೇ. ದಾಖಲಾತಿ ಇಲ್ಲದವರಿಗೆ ಒಂದು ಹಿಡಿಯೂ ಹೊರಗೆ ಹೋಗಕೂಡದೆಂದು ಮೇಲಿನವರು ಬಾಯಿಮಾತಿನಲ್ಲಿ ಹೇಳಿದ್ದರಂತೆ. ಗುಂಡಿಗೆ ಹಾಕಿದ ಮೇಲೆ ಯಾರೂ ಬಾಚಿಕೊಳ್ಳದಿರಲಿ ಎಂದು ಫಿನಾಯಿಲ್ ಬೇರೆ ಸುರಿಯುತ್ತಿದ್ದರು. ಫಿನಾಯಿಲಿಗೆ ಮಾತ್ರ ಆ ವರ್ಷ ಬರ ಇರಲಿಲ್ಲ.

ದೆವ್ವಕ್ಕೆ ಮೊದಲು ಉಣಬಡಿಸಿದವಳು ಜವಳಿ ಅಂಗಡಿಯವರ ಮಗಳು ಸೀತಾ. ಒಂದು ದಿನ ಮೋರಿಯ ಹತ್ತಿರ ಟೀಚರು ನಿಂತಿದ್ದರಿಂದ ತಟ್ಟೆಯನ್ನು ಸೈನ್ಸ್ ರೂಮಿನ ಕಿಟಕಿಯಲ್ಲಿ ಬಚ್ಚಿಟ್ಟು ಓಡಿಬಂದಿದ್ದಳು. ಆ ರೂಮಿಗೆ ಸೈನ್ಸಿನ ಸಾಮಾನು ಯಾವತ್ತೂ ಬಂದಿರಲಿಲ್ಲ, ಹೆಸರು ಮಾತ್ರ ಬಂದಿತ್ತು. ಮಧ್ಯಾಹ್ನದ ಮೇಲೆ ಹೋಗಿ ನೋಡಿದರೆ ತಟ್ಟೆ ಖಾಲಿ. ಖಾಲಿಯಷ್ಟೇ ಅಲ್ಲ, ತೊಳೆದಿಟ್ಟಂತೆ ಫಳಫಳ. ಆ ದಿನ ಸೀತಾಳಿಗೆ ಲೆಕ್ಕವೂ ಸರಿಬಂತು. ಅಷ್ಟು ಸಾಕಾಯಿತು. ಸುಬ್ಬಪ್ಪನ ದೆವ್ವಕ್ಕೆ ಎಡೆ ಇಟ್ಟರೆ ಲೆಕ್ಕ ಬರುತ್ತದೆ ಎಂದು ಇಡೀ ಶಾಲೆ ನಂಬಿತು.

ಇಟ್ಟಿದ್ದರಲ್ಲಿ ದೆವ್ವ ಒಂದೇ ತಟ್ಟೆ ಉಣ್ಣುತ್ತಿತ್ತು. ಯಾರ ತಟ್ಟೆ ಉಂಡರೆ ಅವರಿಗೆ ಯೋಗ. ಹಾಗಾಗಿ ಕಿಟಕಿಯಲ್ಲಿ ತಟ್ಟೆಗಳು ಹೆಚ್ಚಿದವು. ಬೆಳಿಗ್ಗೆ ಏನೂ ತಿನ್ನದೆ ಬರುತ್ತಿದ್ದ, ಆ ಉಪ್ಪಿಟ್ಟಿಗೆಂದೇ ಶಾಲೆಗೆ ಬರುತ್ತಿದ್ದ ಮಕ್ಕಳೂ ಪರೀಕ್ಷೆ ಹತ್ತಿರವಾದಂತೆ ಹಸಿದುಕೊಂಡು ತಟ್ಟೆಯನ್ನು ಕಿಟಕಿಯಲ್ಲಿಡತೊಡಗಿದರು. ದೆವ್ವ ಬಿಟ್ಟದ್ದು ಗುಂಡಿಗೆ, ಫಿನಾಯಿಲಿಗೆ.

"ನನ್ನ ಕೈ ಅಡಿಗೆ ದೆವ್ವಕ್ಕಾದ್ರೂ ಹಿಡಿಸ್ತಲ್ಲ ಟೀಚರಮ್ಮ," ಎಂದು ಅಖ್ತರ್ ಬೀ ನಗುತ್ತಿದ್ದಳು. "ಮನುಷ್ಯರಿಗೇನು ರೋಗ?"

ಉಮಾಮಹೇಶ್ವರಿಗೆ ನಗು ಬರಲಿಲ್ಲ. ಹಸಿದ ಹುಡುಗ ಬೆಂಚಿನ ಮೇಲೆ ತಲೆಯಿಟ್ಟು ಮಲಗುವುದನ್ನು ನೋಡಿ ನೋಡಿ ಅವಳಿಗೆ ಸಾಕಾಗಿತ್ತು. ಒಂದು ಮಧ್ಯಾಹ್ನ ಮಕ್ಕಳಿಗಿಂತ ಮೊದಲೇ ಹೋಗಿ ಕಿಟಕಿಯಿಂದ ಆ ಖಾಲಿ ತಟ್ಟೆಯನ್ನು ಎತ್ತಿಕೊಂಡಳು.

ನಾಯಿ ನೆಕ್ಕಿದ ತಟ್ಟೆಯಲ್ಲ ಅದು. ಕಾಗೆ ಕೆದಕಿದ್ದೂ ಅಲ್ಲ. ಒಂದು ನುಚ್ಚು ಕೂಡ ಅಂಚಿನಲ್ಲಿರಲಿಲ್ಲ. ಕಿಟಕಿಯ ಕೆಳಗೆ ಎಂಜಲು ನೀರು ಚೆಲ್ಲಿದ ಕಲೆಯೂ ಇಲ್ಲ. ತಟ್ಟೆ ತೊಳೆದ ನೀರು ಎಲ್ಲಿಗೆ ಹೋಯಿತು? ಅವಳ ತಾತ ಹೀಗೆಯೇ ಉಣ್ಣುತ್ತಿದ್ದರು. ಲಿಂಗಕ್ಕೆ ಅರ್ಪಿಸಿದ ಮೇಲೆ ಅದು ಪ್ರಸಾದ, ಒಂದಗುಳು ಬಿಡುವಂತಿಲ್ಲ. ಉಂಡಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ಸುತ್ತ ತೊಳೆದು, ಆ ನೀರನ್ನೂ ಕುಡಿದು, ಅಂಗೈಯಿಂದ ಒರಸಿಡುತ್ತಿದ್ದರು. ಈ ಶಾಲೆಯಲ್ಲಿ ಅಂಥ ಆಚಾರದವರು ಒಬ್ಬರೇ, ಹಳೆಯ ಗಂಗಾಧರಪ್ಪ ಮೇಷ್ಟ್ರು. ಅವರು ದಿನಾ ಮಧ್ಯಾಹ್ನ ಲಿಂಗಪೂಜೆಗೆಂದು ಸೈನ್ಸ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಎಲ್ಲರೂ ಬಲ್ಲ ಸಂಗತಿ. ಮೇಷ್ಟ್ರ ಎದೆಯ ಮೇಲೆ ಲಿಂಗ ಇದೆ, ದೆವ್ವ ಅವರನ್ನು ಮುಟ್ಟಲ್ಲ ಎಂದು ಮಕ್ಕಳು ಅದನ್ನೂ ಕತೆಗೆ ಸೇರಿಸಿಕೊಂಡಿದ್ದರು. ಅವರೇ ತಿನ್ನುತ್ತಾರೆಂದು ಯಾರಿಗೂ ಹೊಳೆಯಲಿಲ್ಲ. ಅಖ್ತರ್ ಬೀಯ ಕೈಯದನ್ನು ಗಂಗಾಧರಪ್ಪ ಮೇಷ್ಟ್ರು ತಿನ್ನುವುದಕ್ಕಿಂತ ಸುಬ್ಬಪ್ಪ ಎದ್ದುಬರುವುದು ಜನರಿಗೆ ಹೆಚ್ಚು ಸಹಜವಾಗಿ ಕಾಣುತ್ತಿತ್ತು.

ಗಂಗಾಧರಪ್ಪ ಮೇಷ್ಟ್ರು ಅವಳಿಗೆ ಮೂರನೇ ಕ್ಲಾಸಿನಲ್ಲಿ ಮಗ್ಗಿ ಕಲಿಸಿದವರು. ಅವಳು ತಟ್ಟೆಯನ್ನು ಇದ್ದಲ್ಲೇ ಇಟ್ಟು ಸುಮ್ಮನೆ ಬಂದಳು.

ಸುಮ್ಮನಿರಲು ಬಿಡಲಿಲ್ಲ ಆ ಸೀತಾಳ ಜ್ವರ. ಹುಡುಗಿ ಜ್ವರದಲ್ಲಿ "ಸುಬ್ಬಪ್ಪ ಬಂದ, ತಟ್ಟೆ ಕೊಡಿ" ಎಂದು ಕನವರಿಸಿದಳಂತೆ. ಬೆಳಗಾಗುವುದರೊಳಗೆ ಪೇಟೆಗೆಲ್ಲ ಸುದ್ದಿ. ಅಪ್ಪ ನೇರ ಹೋದದ್ದು ಷಡಕ್ಷರಪ್ಪನವರ ರೈಸ್ ಮಿಲ್ಲಿಗೆ. ಷಡಕ್ಷರಪ್ಪ ಶಾಲಾ ಕಮಿಟಿಯ ಅಧ್ಯಕ್ಷರು. ಅವರ ಲೆಕ್ಕ ಬಹಳ ಸುಲಭವಾಗಿತ್ತು: ಇಷ್ಟು ವರ್ಷ ತೆಪ್ಪಗಿದ್ದ ದೆವ್ವ ಈಗ ಯಾಕೆ ಎದ್ದಿತು? ಸಲ್ಲದ ಕೈ ಶಾಲೆಯ ಒಲೆಗೆ ಬಂದದ್ದರಿಂದ. ಅವಳನ್ನು ಬಿಡಿಸಿ, ಒಂದು ಶಾಂತಿ ಮಾಡಿಸಿ, ನಾಲ್ಕು ಜನ ದೊಡ್ಡವರಿಗೆ ಊಟ ಹಾಕಿದರೆ ಸರಿಹೋಗುತ್ತದೆ. ಶುಕ್ರವಾರ ಮಧ್ಯಾಹ್ನ ಶಾಲೆಯಲ್ಲೇ ಸಭೆ ಎಂದು ಹೇಳಿಕಳಿಸಿದರು.

ಅಖ್ತರ್ ಬೀಗೆ ಸುದ್ದಿ ಮುಟ್ಟಿದಾಗ ಅವಳು ಹಂಡೆ ಕೆರೆಯುತ್ತಿದ್ದಳು. ಕೆರೆಯುವುದನ್ನು ನಿಲ್ಲಿಸಲಿಲ್ಲ.

"ಟೀಚರಮ್ಮ, ನಾನು ದೆವ್ವ ಸಾಕಿಲ್ಲಮ್ಮ. ಈ ಒಲೆ ಹೋದ್ರೆ ಮನೇಲಿ ನಾಲ್ಕು ಬಾಯಿ. ನೀವು ಓದಿದೋರು, ಒಂದು ಮಾತು ಹೇಳ್ರಮ್ಮ ಅವರಿಗೆ."

ಉಮಾಮಹೇಶ್ವರಿ ಸೈನ್ಸ್ ರೂಮಿನ ಬಾಗಿಲು ತಟ್ಟಿದಳು. ಗಂಗಾಧರಪ್ಪ ತೆರೆದರು. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಕೋಟಿನ ಒಳಗೆ ಒಣಗಿದ ಮೈ. ಅವಳು ನಿಂತ ರೀತಿ ನೋಡಿಯೇ ಅವರಿಗೆ ತಿಳಿಯಿತು.

"ಗೊತ್ತಾಯ್ತೇನು ತಾಯಿ?"

"ತಟ್ಟೆ ನೋಡಿದೆ ಮೇಷ್ಟ್ರೇ. ನಮ್ಮ ತಾತ ಇಡ್ತಿದ್ದಂಗೇ ಇತ್ತು."

ಅವರು ಗೋಡೆಗೆ ಒರಗಿ ನೆಲದ ಮೇಲೆ ಕೂತರು. "ಅಷ್ಟು ಬುದ್ಧಿ ಓಡಲಿಲ್ಲ ನೋಡು ನಂಗೆ. ಎಂಜಲು ಬಿಟ್ಟು ಏಳಬೇಕಿತ್ತು. ಕೈ ಕೇಳಲಿಲ್ಲ."

ಅವರು ಹೇಳಿದ್ದಿಷ್ಟು: ರೇಷನ್ ಕಾರ್ಡು ಶಿವಮೊಗ್ಗದ ಮನೆಯಲ್ಲಿದೆ. ಅಲ್ಲಿ ಗಂಡ ಸತ್ತ ಮಗಳು, ಮೊಮ್ಮಕ್ಕಳು. ತಮ್ಮ ಪಾಲನ್ನೂ ಅವರೇ ಉಣ್ಣಲಿ ಎಂದು ಶನಿವಾರದ ಟ್ರೈನಿಗೆ ಹೋದಾಗಲೆಲ್ಲ ಇಲ್ಲಿ ಖಾನಾವಳಿಯಲ್ಲಿ ಚೆನ್ನಾಗಿ ಊಟ ಆಗುತ್ತಿದೆ ಎಂದು ಹೇಳಿ ಬರುತ್ತಾರೆ. ಖಾನಾವಳಿಯವನು ಜೋಳ ಸಿಗದೆ ಬಾಗಿಲು ಹಾಕಿಕೊಂಡು ಊರಿಗೆ ಹೋಗಿದ್ದಾನೆ.

"ಷಡಕ್ಷರಪ್ಪನ ಮಗನ ಮದುವೆಗೆ ಹೋಗಿದ್ದೆ. ಹೊಟ್ಟೆ ತುಂಬಾ ಉಣ್ಣೋಣ ಅಂತಲೇ ಹೋದೆ, ಸುಳ್ಳು ಯಾಕೆ ಹೇಳಲಿ. ಇಷ್ಟೇ ಜನಕ್ಕೆ ಊಟ ಹಾಕಬೇಕು ಅಂತ ಸರಕಾರದ ಕಟ್ಟಳೆ ಇತ್ತಲ್ಲ. ಎಲೆ ಮುಂದೆ ಕೂತಿದ್ದೆ, ಅನ್ನ ಬಡಿಸಿದ್ರು. ಅಷ್ಟೊತ್ತಿಗೆ ತಪಾಸಣೆಯವರ ಜೀಪು ಬಂತು, ಜೀಪು ಬಂತು ಅಂತ ಎಬ್ಬಿಸಿಬಿಟ್ರು. ಕೊಪ್ಪರಿಗೆ ಕೊಪ್ಪರಿಗೆ ಅನ್ನ ಹಿಂದಿನ ಬಾಗಿಲಿಂದ ಹೊಳೆಗೆ ಹೋಯ್ತು. ನಾನು ದಂಡೆ ಮೇಲೆ ನಿಂತು ನೋಡಿದೆ ಉಮಾ. ಮಾರನೇ ದಿವಸ ಈ ಕಿಟಕಿಯಲ್ಲಿ ಒಂದು ತಟ್ಟೆ ಇತ್ತು."

"ಹಾಗಾದ್ರೆ ಶುಕ್ರವಾರ ನೀವೇ ಹೇಳಿ ಮೇಷ್ಟ್ರೇ. ದೆವ್ವ ಅಲ್ಲ, ನಾನು ಅಂತ. ಅವಳ ಕೆಲಸ ಉಳಿಯತ್ತೆ."

"ಮೊಮ್ಮಗಳಿಗೆ ಗಂಡು ನೋಡ್ತಿದೀವಿ. ಅಜ್ಜ ಕದ್ದು ತಿಂದ, ಅದೂ ಇಂಥವರ ಕೈಯದು ಅಂತ ಗೊತ್ತಾದ್ರೆ ಯಾರು ಬರ್ತಾರೆ?"

"ಅವಳ ಮಕ್ಕಳೇನು ತಿನ್ನಬೇಕು?"

ಗಂಗಾಧರಪ್ಪ ಕಿಟಕಿಯ ಕಡೆ ತಿರುಗಿದರು. "ನೀನೇ ಹೇಳಿಬಿಡು ತಾಯಿ. ನಾನು ಇಲ್ಲ ಅನ್ನಲ್ಲ," ಎಂದರು.

"ನಾನು ಹೇಳಲ್ಲ," ಎಂದಳು ಉಮಾಮಹೇಶ್ವರಿ. ಸಿಟ್ಟಿನಿಂದ ಹೇಳಬೇಕೆಂದಿದ್ದಳು, ಬರೀ ಸುಸ್ತಾದ ದನಿ ಹೊರಟಿತು.

ಶುಕ್ರವಾರ ಜಗಲಿಯ ಮೇಲೆ ಕುರ್ಚಿಗಳನ್ನು ಹಾಕಿದ್ದರು. ನಡುವೆ ಷಡಕ್ಷರಪ್ಪ, ಪಕ್ಕದಲ್ಲಿ ಸೀತಾಳ ಅಪ್ಪ, ಪೇಟೆಯ ಇನ್ನೂ ನಾಲ್ಕೈದು ಮಂದಿ, ಬೆಂಚಿನ ತುದಿಯಲ್ಲಿ ಮೇಷ್ಟ್ರುಗಳು. ಮಕ್ಕಳನ್ನು ಕ್ಲಾಸಿನೊಳಗೆ ಕೂಡಿಹಾಕಿದ್ದರೂ ಕಿಟಕಿಗಳ ತುಂಬ ತಲೆಗಳೇ. ಆ ದಿನದ ಉಪ್ಪಿಟ್ಟು ಬಡಿಸದಂತೆ ಹೇಳಿದ್ದರಿಂದ ಹಂಡೆ ಚಪ್ಪರದಲ್ಲೇ ಇತ್ತು. ಅಖ್ತರ್ ಬೀ ಸೆರಗನ್ನು ತಲೆಯ ಮೇಲೆಳೆದುಕೊಂಡು ಅಂಗಳದಲ್ಲಿ ನಿಂತಿದ್ದಳು.

"ಏನಮ್ಮಾ, ಅಡಿಗೆಗೆ ಏನು ಹಾಕ್ತೀಯ ನೀನು?" ಎಂದು ಷಡಕ್ಷರಪ್ಪ ಕೇಳಿದರು.

"ನೀವು ಕಳಿಸಿದ ನುಚ್ಚು, ನೀವು ಕಳಿಸಿದ ಎಣ್ಣೆ. ನೀರು ಮಾತ್ರ ನಾನು ಸೇದಿದ್ದು ಸ್ವಾಮಿ."

ಯಾರೋ ಕಿಸಕ್ಕನೆ ನಕ್ಕರು. ಷಡಕ್ಷರಪ್ಪನವರ ಮುಖ ಕೆಂಪಾಯಿತು.

"ಬಾಯಿ ಜೋರಿದೆ. ಇರಲಿ. ನಿನ್ನ ಮೇಲೆ ನಮಗೇನು ದ್ವೇಷ ಇಲ್ಲ. ನಮ್ಮ ಮಿಲ್ಲಿನಲ್ಲೇ ನಿಮ್ಮೋರು ಎಷ್ಟು ಜನ ಇದಾರೆ. ಆದ್ರೆ ನೀನೇ ಹೇಳು, ಈ ಶಾಲೆಯಲ್ಲಿ ಆ ದೆವ್ವ ಒಂದು ಬಿಟ್ಟು ಮಾನ ಮರ್ಯಾದೆ ಇರೋ ಒಬ್ಬರಾದ್ರೂ ನಿನ್ನ ಅಡಿಗೆ ತಿಂದಿದಾರಾ?"

"ಮಕ್ಕಳು ತಿಂತಾವಲ್ಲ ಸ್ವಾಮಿ."

"ಆ ಮಕ್ಕಳ ಮಾತು ಬಿಡು. ಮಾನಸ್ತರು ಅಂದೆ ನಾನು."

ಅಖ್ತರ್ ಬೀ ತಲೆ ತಗ್ಗಿಸಿದಳು. ಉಮಾಮಹೇಶ್ವರಿ ಎದ್ದು ನಿಂತಳು. ಹೇಳುವುದಿಲ್ಲ ಎಂದಿದ್ದವಳು ಈಗ ಹೇಳಿಯೇಬಿಡಬೇಕೆಂದು ಬಾಯಿ ತೆರೆಯುವುದರೊಳಗೆ ಬೆಂಚಿನ ತುದಿಯಿಂದ ಗಂಗಾಧರಪ್ಪ ಎದ್ದರು.

ಅವರು ಯಾರ ಮುಖವನ್ನೂ ನೋಡಲಿಲ್ಲ. ಅಂಗಳ ಇಳಿದು ಚಪ್ಪರಕ್ಕೆ ಹೋಗಿ, ಒಂದು ತಟ್ಟೆ ಎತ್ತಿಕೊಂಡು, ಹಂಡೆಯಿಂದ ತಾವೇ ಉಪ್ಪಿಟ್ಟು ಬಡಿಸಿಕೊಂಡು ಬಂದರು. ಜಗಲಿಯ ಕೆಳಗೆ, ಎಲ್ಲರಿಗೂ ಕಾಣುವ ಹಾಗೆ ನೆಲದ ಮೇಲೆ ಕೂತರು. ಅಂಗಿಯ ಒಳಗಿನಿಂದ ಲಿಂಗ ತೆಗೆದು ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದರು. ಆಮೇಲೆ ಉಣ್ಣತೊಡಗಿದರು. ಅವಸರವಿಲ್ಲದೆ, ತಲೆ ಬಗ್ಗಿಸಿ, ತುತ್ತು ತುತ್ತಾಗಿ. ಆರಿದ ನುಚ್ಚು ಗಂಟಲಿಗೆ ಹಿಡಿದು ಒಮ್ಮೆ ಕೆಮ್ಮಿದರು. ಉಂಡು ಮುಗಿಸಿ, ತಟ್ಟೆಗೆ ನೀರು ಹಾಕಿ, ತೊಳೆದು, ಕುಡಿದು, ಒರಸಿ ಪಕ್ಕಕ್ಕಿಟ್ಟರು.

"ಕಿಟಕಿಯದನ್ನ ತಿಂತಿದ್ದೋನು ನಾನು. ಸುಬ್ಬಪ್ಪ ಅಲ್ಲ," ಎಂದರು. "ಹಸಿವಾಗಿತ್ತು. ಅವಳದೇನೂ ತಪ್ಪಿಲ್ಲ. ಕೆಲಸದಿಂದ ತೆಗೀಬೇಡಿ."

ಷಡಕ್ಷರಪ್ಪ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡರು. ಸೀತಾಳ ಅಪ್ಪ ಆಗಲೇ ಎದ್ದು ಕಂಬದ ಮರೆಗೆ ಹೋಗಿದ್ದ.

"ನೋಡಿದ್ರಾ?" ಎಂದರು ಷಡಕ್ಷರಪ್ಪ ಮೆಲ್ಲಗೆ, ಪಕ್ಕದವರಿಗೆ. "ಮೇಷ್ಟ್ರ ಮೈಮೇಲೆ ಬಂದಿದೆ."

"ಹೌದಪ್ಪಾ. ಇಲ್ದಿದ್ರೆ ಗಂಗಾಧರಪ್ಪನೋರು ಮುಟ್ತಾರಾ ಅದನ್ನ?"

"ಆ ರೂಮಲ್ಲಿ ಒಬ್ಬರೇ ಕೂತ್ಕೋಬೇಡಿ ಅಂತ ನಾನು ಆವಾಗ್ಲೇ ಹೇಳಿದ್ದೆ."

"ಕಣ್ಣು ನೋಡ್ರಿ, ಹೆಂಗೆ ಗುಳಿ ಬಿದ್ದಿದಾವೆ!"

"ಹಸಿವು ರೀ!" ಉಮಾಮಹೇಶ್ವರಿ ಕಿರುಚಿದಳು. "ಅವರಿಗೆ ಹಸಿವಾಗಿದೆ! ಅದಕ್ಕೇ ಕಣ್ಣು ಗುಳಿ ಬಿದ್ದಿರೋದು! ಅವರೇ ಬಾಯಿಬಿಟ್ಟು ಹೇಳ್ತಿದಾರೆ, ಕೇಳಿಸಲ್ವಾ ನಿಮಗೆ?"

"ಕೂತ್ಕೊಳ್ಳಮ್ಮಾ," ಎಂದರು ಷಡಕ್ಷರಪ್ಪ, ಬಹಳ ಕನಿಕರದಿಂದ. "ಸಣ್ಣೋಳು, ಹೆದರಿದೀಯ. ಮಾತಾಡ್ತಿರೋದು ಮೇಷ್ಟ್ರಲ್ಲ. ಅವರ ಬಾಯಲ್ಲಿ ಅದು ಮಾತಾಡ್ತಿದೆ."

ಗಂಗಾಧರಪ್ಪ ಮತ್ತೆ ಹೇಳಿದರು, ನಾನೇ, ನಾನೇ ಎಂದು. ಹೇಳಿದಷ್ಟೂ ಜನ ಹಿಂದೆ ಹಿಂದೆ ಸರಿದರು. ರೈಸ್ ಮಿಲ್ಲು ಇರುವ ಊರಿನಲ್ಲಿ, ಕಾರ್ಖಾನೆಯ ಚಿಮಣಿ ಹಗಲೂ ರಾತ್ರಿ ಹೊಗೆಯಾಡುವ ಊರಿನಲ್ಲಿ, ಮಕ್ಕಳಿಗೆ ಪಾಠ ಹೇಳುವ ಒಬ್ಬ ಮುದುಕ ಹಸಿದಿದ್ದಾನೆ ಎಂದು ಒಪ್ಪಿಕೊಂಡರೆ ಮುಂದೆ ಒಪ್ಪಿಕೊಳ್ಳಬೇಕಾದದ್ದು ಬಹಳವಿತ್ತು. ದೆವ್ವ ಎಂದರೆ ಒಂದು ಶಾಂತಿಯಲ್ಲಿ ಮುಗಿಯುತ್ತಿತ್ತು.

ತೀರ್ಮಾನಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಮೇಷ್ಟ್ರನ್ನು ಸಂಜೆಯ ಟ್ರೈನಿಗೆ ಶಿವಮೊಗ್ಗಕ್ಕೆ ಮುಟ್ಟಿಸುವುದು, ವಾಸಿಯಾಗುವವರೆಗೆ ರಜೆ. ಸೋಮವಾರ ಶಾಂತಿ, ಊಟ. ಅಕ್ಕಿ ಅಧ್ಯಕ್ಷರ ಮಿಲ್ಲಿನದು. ಅಖ್ತರ್ ಬೀ ಪಾತ್ರೆಗಳನ್ನು ಬೆಳಗಿ ಒಪ್ಪಿಸಿ ಹೋಗತಕ್ಕದ್ದು. ಅವಳ ಜಾಗಕ್ಕೆ ಶಂಕರಮ್ಮ ಎಂಬ ವಿಧವೆಯನ್ನು ಆಗಲೇ ಗೊತ್ತುಮಾಡಿದ್ದರು. ಬಡಿಸದೆ ಉಳಿದ ಹಂಡೆ ಉಪ್ಪಿಟ್ಟನ್ನು ಓಂಕಾರಪ್ಪ ಎದುರಿಗೆ ನಿಂತು ಗುಂಡಿಗೆ ಹಾಕಿಸಿದರು. ದೆವ್ವ ಮುಟ್ಟಿದ್ದಾದ್ದರಿಂದ ಫಿನಾಯಿಲು ಎರಡು ಪಟ್ಟು. ತಳಕ್ಕೆ ಅಂಟಿ ಸೀದದ್ದನ್ನೂ ಬಿಡಲಿಲ್ಲ.

ಮೇಷ್ಟ್ರನ್ನು ಕರೆದೊಯ್ಯಲು ಬಂದಿದ್ದ ಇಬ್ಬರು ಮಿಲ್ಲಿನ ಆಳುಗಳು ಹತ್ತಿರ ಬರಲು ಹೆದರಿ ಗೇಟಿನಲ್ಲೇ ನಿಂತರು. ಗಂಗಾಧರಪ್ಪ ಕೈಚೀಲ ಹಿಡಿದು ಚಪ್ಪರದ ಕಡೆ ಬಂದರು. ಅಖ್ತರ್ ಬೀ ಬೂದಿ ಹಾಕಿ ಹಂಡೆ ತಿಕ್ಕುತ್ತಿದ್ದಳು. ಉಮಾಮಹೇಶ್ವರಿ ಪಕ್ಕದ ಕಲ್ಲಿನ ಮೇಲೆ ಕೂತಿದ್ದಳು.

"ನಾನು ಹೇಳಿದೆ ತಾಯಿ," ಎಂದರು ಗಂಗಾಧರಪ್ಪ. "ಅವರು ಕೇಳಲಿಲ್ಲ."

ಅಖ್ತರ್ ಬೀ ತಿಕ್ಕುವುದನ್ನು ನಿಲ್ಲಿಸಿದಳು. ಅವರನ್ನು ದಿಟ್ಟಿಸಿ ನೋಡಿದಳು. ಬೈಯುತ್ತಾಳೆ ಎಂದುಕೊಂಡಳು ಉಮಾಮಹೇಶ್ವರಿ. ಬೈಯಲೆಂದೇ ಅವಳು ಬಾಯಿ ತೆರೆದಿದ್ದಿರಬಹುದು.

"ಇಷ್ಟು ದಿವಸ ತಿಂದ್ರಲ್ಲ ಮೇಷ್ಟ್ರೇ," ಎಂದಳು. "ಉಪ್ಪು ಸರಿ ಇರ್ತಿತ್ತಾ?"

ಗಂಗಾಧರಪ್ಪ ಯೋಚಿಸಿದರು. ಹುಡುಗರ ಲೆಕ್ಕ ತಿದ್ದುವಾಗ ಯೋಚಿಸುವ ಹಾಗೆ, ಸುಳ್ಳು ಹೇಳಬಾರದೆಂದು.

"ಒಂದೊಂದು ದಿವಸ ಕಮ್ಮಿ ಇರ್ತಿತ್ತು."

"ಆಫೀಸಿಂದ ಅಳೆದು ಕೊಡೋದೇ ಅಷ್ಟು," ಎಂದಳು ಅವಳು. "ಮನೆಯಿಂದ ತಂದು ಹಾಕ್ತಿದ್ದೆ, ಒಬ್ಬರು ಹೇಳಿದ್ರೆ."

"ಮೇಷ್ಟ್ರೇ, ಟ್ರೈನಿಗೆ ಹೊತ್ತಾಯ್ತು!" ದೂರದಿಂದಲೇ ಆಳು ಕೂಗಿದ.

ಗಂಗಾಧರಪ್ಪ ಹೋದರು. ಅಖ್ತರ್ ಬೀ ಹಂಡೆಯನ್ನು ಬೋರಲು ಹಾಕಿ ಸೌಟು ತಿಕ್ಕತೊಡಗಿದಳು. ತೊಳೆದ ತಟ್ಟೆಗಳು ರಾಶಿ ಬಿದ್ದಿದ್ದವು. ಉಮಾಮಹೇಶ್ವರಿ ಸೆರಗಿನಿಂದ ಒಂದೊಂದಾಗಿ ಒರಸಿ ಜೋಡಿಸತೊಡಗಿದಳು. ಒಪ್ಪಿಸಿ ಹೋಗಬೇಕಾದದ್ದು ಇನ್ನೂ ಬಹಳವಿತ್ತು.